ಚಳಿಗೆ ಬೀಳುವ ಮೈಲೇಜ್: ಉತ್ತರಕ್ಕೆ ಲಾರಿ ಕಳಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಜನವರಿ ಬಂತೆಂದರೆ ಲಾರಿ ಆಫೀಸುಗಳಲ್ಲಿ ಒಂದು ಜಗಳ ಖಾಯಂ. ಶಿವಮೊಗ್ಗದ ಅಡಿಕೆಯನ್ನೋ ತಿಪಟೂರಿನ ಕೊಬ್ಬರಿಯನ್ನೋ ಹೇರಿಕೊಂಡು ದೆಹಲಿ ಕಡೆ ಹೋದ ಗಾಡಿ ವಾಪಸ್ ಬರುತ್ತದೆ, ಟ್ರಿಪ್ ಶೀಟ್ ಮೇಜಿನ ಮೇಲೆ ಬೀಳುತ್ತದೆ.

"ಏನಪ್ಪಾ, ನಾಲ್ಕು ಕೊಡ್ತಿದ್ದ ಗಾಡಿ ಮೂರೂವರೆನೂ ಕೊಟ್ಟಿಲ್ವಲ್ಲ?"

"ಆ ಕಡೆ ಸಿಕ್ಕಾಪಟ್ಟೆ ಚಳಿ ಅಣ್ಣಾ."

"ಚಳಿ ನಿಂಗಾಗತ್ತೆ. ಗಾಡಿಗೇನಾಗತ್ತೆ?"

ಗಾಡಿಗೂ ಆಗುತ್ತದೆ. ಆದರೆ ಚಳಿಯ ಹೆಸರಿನಲ್ಲಿ ಖರ್ಚಾಗುವ ಡೀಸೆಲ್‌ನಲ್ಲಿ ದೊಡ್ಡ ಪಾಲು ಚಳಿಯದ್ದಲ್ಲ, ನಿಂತಲ್ಲೇ ಉರಿಯುವ ಎಂಜಿನ್‌ನದ್ದು. ಯಾವುದು ಯಾರ ಪಾಲು ಎಂದು ಬಿಡಿಸಿಕೊಳ್ಳದೆ ಡ್ರೈವರ್ ಮೇಲೆ ಕಳ್ಳತನದ ಅನುಮಾನಪಡುವುದೂ ತಪ್ಪು, "ಚಳಿಗಾಲ, ಬಿಡು" ಎಂದು ಸುಮ್ಮನಾಗುವುದೂ ದಂಡ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ನಮ್ಮ ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಬೆಂಗಳೂರನ್ನು ಹಾದೇ ಹೋಗುತ್ತದೆ. ಜನವರಿಯಲ್ಲಿ ಇಲ್ಲಿಂದ ಬನಿಯನ್ ಹಾಕಿಕೊಂಡು ಹೊರಟ ಡ್ರೈವರ್ ಅದೇ ರಸ್ತೆಯಲ್ಲಿ ಮೈನಸ್ ಡಿಗ್ರಿ ನೋಡಬಹುದು. ಆ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೊರಡುವ ಮುಂಚಿನ ತಯಾರಿಯಿಂದ ವಾಪಸ್ ಬಂದ ಮೇಲಿನ ಲೆಕ್ಕದವರೆಗೆ ನೋಡೋಣ.

ಮೊದಲು, ಚಳಿ ಡೀಸೆಲ್ ತಿನ್ನುವುದು ಎಲ್ಲಿ?

ಮುಖ್ಯವಾಗಿ ಟಯರಿನಲ್ಲಿ. ಟಯರ್ ಉರುಳುವಾಗ ರಬ್ಬರ್ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ರಬ್ಬರ್ ತಣ್ಣಗಿದ್ದಷ್ಟೂ ಗಡುಸು, ನಷ್ಟವೂ ಜಾಸ್ತಿ. ಟಯರಿನ ಉರುಳು ಪ್ರತಿರೋಧ ಅಳೆಯುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಭಾರೀ ಲಾರಿ ಟಯರುಗಳಿಗೆ ಪ್ರತಿ ಡಿಗ್ರಿಗೆ ಶೇ. 0.6ರಂತೆ ತಿದ್ದುಪಡಿ ಮಾಡುತ್ತಾರೆ. ಸರಾಸರಿ 30 ಡಿಗ್ರಿಯ ಏಪ್ರಿಲ್‌ನಿಂದ ಸರಾಸರಿ 10 ಡಿಗ್ರಿಯ ಜನವರಿಗೆ ಬಂದರೆ ಟಯರ್ ಎಳೆತ ಸುಮಾರು ಶೇ. 12 ಜಾಸ್ತಿ ಎಂದು ಅಂದಾಜು ಹಾಕಬಹುದು.

ಎರಡನೆಯದು ಗಾಳಿ. ತಣ್ಣನೆಯ ಗಾಳಿ ದಟ್ಟ. ಸಮುದ್ರ ಮಟ್ಟದಲ್ಲಿ 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗಿದರೆ, 10 ಡಿಗ್ರಿಯಲ್ಲಿ 1.25 ಕಿಲೋ ತೂಗುತ್ತದೆ. ಅಂದರೆ ಅದೇ ವೇಗಕ್ಕೆ ಗಾಳಿಯ ತಡೆ ಶೇ. 7ರಷ್ಟು ಹೆಚ್ಚು. ಅಮೆರಿಕ, ಕೆನಡಾದಲ್ಲಿ ಗಂಟೆಗೆ 100 ಕಿ.ಮೀ. ಮೀರಿ ಓಡುವ ಟ್ರಕ್ಕುಗಳಿಗೆ ಇದು ದೊಡ್ಡ ಪೆಟ್ಟು. ಆ ವೇಗದಲ್ಲಿ ಎಂಜಿನ್ ಶಕ್ತಿಯ ಅರ್ಧದಷ್ಟು ಗಾಳಿ ಸೀಳುವುದಕ್ಕೇ ಹೋಗುತ್ತದೆ. 50–60ರಲ್ಲಿ ಹೋಗುವ ನಮ್ಮ ಲೋಡ್ ಗಾಡಿಗಳಿಗೆ ಗಾಳಿಯ ಪಾಲು ಕಡಿಮೆ, ಟಯರಿನ ಪಾಲೇ ಹೆಚ್ಚು. ಇಂಟರ್ನೆಟ್ಟಿನಲ್ಲಿ ಸಿಗುವ ಅಮೆರಿಕದ ಸಲಹೆಗಳನ್ನು ಹಾಗೇ ತಂದು ಇಲ್ಲಿ ಅಂಟಿಸಿದರೆ ಉಪಯೋಗವಾಗದಿರುವುದಕ್ಕೆ ಇದೇ ಕಾರಣ.

ಮೂರನೆಯದು ಎಣ್ಣೆಗಳು. ಎಂಜಿನ್ ಆಯಿಲ್ ಹೇಗೋ ಬಿಸಿಯಾಗುತ್ತದೆ. ಗೇರ್ ಬಾಕ್ಸ್ ಮತ್ತು ಹಿಂದಿನ ಚಕ್ರಗಳ ನಡುವಿನ ಹೌಸಿಂಗ್‌ನ ಕ್ರೌನ್ ಆಯಿಲ್‌ಗೆ ಅಂಥ ಭಾಗ್ಯವಿಲ್ಲ. ಗಾಡಿಯ ಅಡಿಯಲ್ಲಿ ಬೀಸುವ ತಣ್ಣನೆಯ ಗಾಳಿ ಅವನ್ನು ಬಹಳ ಹೊತ್ತು ಗಟ್ಟಿಯಾಗಿಯೇ ಇಡುತ್ತದೆ.

ಘಾಟಿ, ಬ್ರೇಕು, ಸಿಗ್ನಲ್ಲುಗಳಲ್ಲಿ ಹೋಗುವ ಡೀಸೆಲ್‌ಗೂ ಚಳಿಗೂ ಸಂಬಂಧ ಕಡಿಮೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ, 20 ಡಿಗ್ರಿ ವ್ಯತ್ಯಾಸಕ್ಕೆ ಲೋಡ್ ಗಾಡಿಯಲ್ಲಿ ಚಳಿಯ ಸ್ವಂತ ಪಾಲು ನನ್ನ ಅಂದಾಜಿನಲ್ಲಿ ಶೇ. 6ರಿಂದ 8. ಲೀಟರಿಗೆ 4 ಕಿ.ಮೀ. ಕೊಡುವ ಗಾಡಿ 3.7 ಕೊಟ್ಟರೆ ಅದು ನ್ಯಾಯ. 3.4ಕ್ಕೆ ಇಳಿದಿದ್ದರೆ ಬೇರೆ ಏನೋ ಇದೆ. ಆ ಬೇರೆ ಏನೋ ಬಹುಪಾಲು ನಮ್ಮ ಕೈಯಲ್ಲೇ ಇರುತ್ತದೆ.

ಹಂತ 1: ಹೊರಡುವ ಮುಂಚೆ ಒಂದು ನಂಬುವಂಥ ಅಂಕಿ

ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಲೆಕ್ಕ ಹಾಕುವುದೇ ಸರಿ. ಮೀಟರಿನ ಮುಳ್ಳು ನೋಡಿ ಹೇಳುವ ಮೈಲೇಜು ಬಾಯಿಮಾತು. ಚಳಿ ಶುರುವಾಗುವ ಮುಂಚೆ, ಅದೇ ರೂಟು, ಹೆಚ್ಚುಕಡಿಮೆ ಅದೇ ಲೋಡು ಇರುವ ಟ್ರಿಪ್ಪುಗಳ ಸರಾಸರಿ ತೆಗೆದಿಟ್ಟುಕೊಳ್ಳಿ. ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಗಾಡಿಯ ಮಾಹಿತಿ ಕಳಿಸುವ ಟೆಲಿಮ್ಯಾಟಿಕ್ಸ್ ಇದ್ದರೆ ಐಡ್ಲಿಂಗ್ ಗಂಟೆ, ಅಂದರೆ ನಿಂತಲ್ಲೇ ಎಂಜಿನ್ ಉರಿದ ಹೊತ್ತು, ಎಷ್ಟು ಎಂದು ಆ್ಯಪ್‌ನಲ್ಲೇ ಸಿಗುತ್ತದೆ. ಎಷ್ಟೋ ಓನರುಗಳು ಗಾಡಿ ಎಲ್ಲಿದೆ ಎಂದು ನೋಡುವುದಕ್ಕೆ ಮಾತ್ರ ಅದನ್ನು ತೆರೆಯುತ್ತಾರೆ. ಎಷ್ಟು ಹೊತ್ತು ಸುಮ್ಮನೆ ಉರಿಯಿತು ಎನ್ನುವ ಕಾಲಂ ಅದರ ಪಕ್ಕದಲ್ಲೇ ಇರುತ್ತದೆ.

ಅನುಮಾನದ ಗಿರಾಕಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ. ತಣ್ಣಗಾದರೆ ಡೀಸೆಲ್ ಕುಗ್ಗುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಶೇ. 0.08. ಟ್ಯಾಂಕಿನಲ್ಲಿ 30 ಡಿಗ್ರಿಯ 300 ಲೀಟರ್ ಡೀಸೆಲ್ ಇದೆ ಎಂದುಕೊಳ್ಳಿ. ಅದೇ ಡೀಸೆಲ್ 5 ಡಿಗ್ರಿಗೆ ತಣ್ಣಗಾದಾಗ ಅಳತೆ ಕೋಲು ಇಳಿಸಿ ನೋಡಿದರೆ 6 ಲೀಟರ್ ಕಮ್ಮಿ ಕಾಣುತ್ತದೆ. ಯಾರೂ ಕದ್ದಿಲ್ಲ. ತೂಕವೂ ಅಷ್ಟೇ ಇದೆ, ಅದರೊಳಗಿನ ಶಕ್ತಿಯೂ ಅಷ್ಟೇ ಇದೆ.

ಹಂತ 2: ಗ್ಯಾರೇಜಿನಲ್ಲಿ ಅರ್ಧ ದಿನ

ಮೊದಲು ನೋಡಬೇಕಾದ್ದು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವು. ನಮ್ಮ ಕಡೆ ಬೇಸಿಗೆಯಲ್ಲಿ ಎಂಜಿನ್ ಹೀಟ್ ಆಯಿತೆಂದರೆ ಮೆಕ್ಯಾನಿಕ್ ಮಾಡುವ ಮೊದಲ ಕೆಲಸ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಪಕ್ಕಕ್ಕಿಡುವುದು. ರೇಡಿಯೇಟರ್ ಕಟ್ಟಿಕೊಂಡಿರುವುದು ಹಾಗೇ ಉಳಿಯುತ್ತದೆ, ಸದ್ಯಕ್ಕೆ ಮುಳ್ಳು ಮಾತ್ರ ಕೆಳಗಿಳಿಯುತ್ತದೆ. ಅದೇ ಗಾಡಿ ಡಿಸೆಂಬರ್‌ನಲ್ಲಿ ಪಾಣಿಪತ್ ದಾಟುವಾಗ ಎಂಜಿನ್ 80–85 ಡಿಗ್ರಿಗೆ ಏರುವುದೇ ಇಲ್ಲ. ಐವತ್ತು–ಅರವತ್ತರಲ್ಲೇ ಓಡುತ್ತಿರುತ್ತದೆ. ತಣ್ಣನೆಯ ಎಂಜಿನ್‌ನಲ್ಲಿ ಆಯಿಲ್ ಗಟ್ಟಿ, ಘರ್ಷಣೆ ಜಾಸ್ತಿ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಹೆಚ್ಚುತ್ತದೆ. ಬಿಎಸ್-6 ಗಾಡಿಯಾದರೆ ಆ ಮಸಿ ಸೈಲೆನ್ಸರ್‌ನ ಡಿಪಿಎಫ್ ಫಿಲ್ಟರಿನಲ್ಲಿ ತುಂಬಿ, ಅದನ್ನು ಸುಡುವ ರೀಜನರೇಷನ್‌ಗೆ ಮತ್ತೆ ಡೀಸೆಲ್ ಬೇಕು. ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ: ಇಪ್ಪತ್ತು–ಮೂವತ್ತು ಕಿ.ಮೀ. ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ತನ್ನ ಮಾಮೂಲಿ ಜಾಗಕ್ಕೆ ಬರದಿದ್ದರೆ ಥರ್ಮೋಸ್ಟಾಟ್ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಚಳಿಗಾಲದ ಮೈಲೇಜಿಗೆ ಇದಕ್ಕಿಂತ ಅಗ್ಗದ ರಿಪೇರಿ ನನಗೆ ಗೊತ್ತಿಲ್ಲ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಿ ಓಡಿಸುವವರು ಇನ್ನೂ ಇದ್ದಾರೆ. ಕಾಶ್ಮೀರಕ್ಕೆ ಬನಿಹಾಲ್ ದಾಟುವ ಗಾಡಿಗೆ ಇದು ಮೈಲೇಜಿನ ಪ್ರಶ್ನೆಯಲ್ಲ. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳುತ್ತದೆ. ಕೂಲೆಂಟ್ ಮತ್ತು ಶುದ್ಧ ನೀರು ಅರ್ಧ–ಅರ್ಧ ಇದ್ದರೆ ಮೈನಸ್ 35ರ ಆಸುಪಾಸಿನವರೆಗೆ ಭಯವಿಲ್ಲ.

ಎಂಜಿನ್ ಆಯಿಲ್ ಡಬ್ಬಿಯ ಮೇಲೆ 'ಡಬ್ಲ್ಯೂ' ಅಕ್ಷರದ ಹಿಂದಿನ ಅಂಕಿ ನೋಡಿ. 15ಡಬ್ಲ್ಯೂ ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ, 10ಡಬ್ಲ್ಯೂ ಆಯಿಲನ್ನು ಮೈನಸ್ 25ರಲ್ಲಿ, 5ಡಬ್ಲ್ಯೂ ಆಯಿಲನ್ನು ಮೈನಸ್ 30ರಲ್ಲಿ ಎಂಜಿನ್ ತಿರುಗಿಸುವ ಪರೀಕ್ಷೆಗೆ ಒಡ್ಡುತ್ತಾರೆ. ದೆಹಲಿ–ಪಂಜಾಬಿಗೆ ಮಾಮೂಲಿ 15ಡಬ್ಲ್ಯೂ-40 ಸಾಕು. ಲಡಾಖ್ ಕಡೆ ಕೆಲಸವಿದ್ದರೆ ಕಂಪನಿ ಪುಸ್ತಕದಲ್ಲಿ ಅನುಮತಿಸಿದ ಇನ್ನೂ ತೆಳುವಾದ ಗ್ರೇಡಿಗೆ ಹೋಗಬಹುದು. ಹೌಸಿಂಗ್‌ಗೆ 85ಡಬ್ಲ್ಯೂ-140 ಹಾಕಿದ್ದು, ಪುಸ್ತಕದಲ್ಲಿ 80ಡಬ್ಲ್ಯೂ-90ಕ್ಕೆ ಅವಕಾಶವಿದ್ದರೆ ಚಳಿಗಾಲದ ಸರ್ವಿಸ್‌ನಲ್ಲಿ ಬದಲಿಸಿ. ಪುಸ್ತಕ ಒಪ್ಪದಿದ್ದರೆ ಬೇಡ.

ಬ್ಯಾಟರಿ, ಡೀಸೆಲ್ ಫಿಲ್ಟರ್, ಡೀಸೆಲ್‌ನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್, ಏರ್ ಡ್ರೈಯರ್ ಇಷ್ಟನ್ನೂ ಇದೇ ಅರ್ಧ ದಿನದಲ್ಲಿ ಮುಗಿಸಿ. ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಪ್ರತಿ ಚಕ್ರಕ್ಕೂ ನೋಡಿಸಿ.

ಹಂತ 3: ಡೀಸೆಲ್ ಎಲ್ಲಿ ತುಂಬಿಸಬೇಕು

ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಡೀಸೆಲ್‌ನಲ್ಲಿರುವ ಮೇಣದ ಅಂಶವೂ ಹಾಗೇ. ಮೊದಲು ಡೀಸೆಲ್ ಮಂಕಾಗುತ್ತದೆ, ಆಮೇಲೆ ಮೇಣದ ಹರಳು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ, ಕೊನೆಗೆ ಹರಿಯುವುದೇ ನಿಲ್ಲುತ್ತದೆ. ಟ್ಯಾಂಕಿನ ಡೀಸೆಲ್ ನೋಡಲು ಚೆನ್ನಾಗಿಯೇ ಇರುತ್ತದೆ. ಸೆಪರೇಟರ್ ಬಟ್ಟಲಿಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಬೆಳ್ಳಗೆ, ಹೊಗೆ ಹಿಡಿದಂತೆ ಕಾಣುತ್ತದೆ. ಗಾಡಿ ಸ್ಟಾರ್ಟ್ ಆಗಿ ಒಂದೆರಡು ಕಿ.ಮೀ. ಹೋಗಿ ಪಿಕಪ್ ಕಳೆದುಕೊಂಡು ನಿಂತರೆ ಮೊದಲ ಅನುಮಾನ ಅದೇ.

ಭಾರತೀಯ ಮಾನದಂಡದಲ್ಲಿ ಡೀಸೆಲ್‌ಗೆ ಬೇಸಿಗೆ, ಚಳಿಗಾಲ ಎಂದು ಎರಡು ಮಿತಿಗಳಿವೆ. ಫಿಲ್ಟರ್ ಕಟ್ಟಿಕೊಳ್ಳುವ ತಾಪಮಾನ ಬೇಸಿಗೆಯಲ್ಲಿ 18 ಡಿಗ್ರಿವರೆಗೆ ಇರಬಹುದು, ಚಳಿಗಾಲದಲ್ಲಿ 6 ಡಿಗ್ರಿ ದಾಟಬಾರದು. ಇವು ಗರಿಷ್ಠ ಮಿತಿ. ಪಂಪಿನಲ್ಲಿ ಸಿಗುವ ಡೀಸೆಲ್ ಇದಕ್ಕಿಂತ ಚೆನ್ನಾಗಿಯೇ ಇರಬಹುದು. ಆದರೆ ದಕ್ಷಿಣದ ಬೆಚ್ಚನೆಯ ಊರಿಗೆಂದು ಬಂದ ಡೀಸೆಲ್ ಮೇಲೆ ಹರಿಯಾಣದ 3–4 ಡಿಗ್ರಿ ರಾತ್ರಿಯಲ್ಲಿ ಭರವಸೆ ಇಡುವಂತಿಲ್ಲ.

ರಾಜ್ಯದಿಂದ ರಾಜ್ಯಕ್ಕೆ ದರ ನೋಡಿ, ಅಗ್ಗವಿದ್ದಲ್ಲಿ ದೊಡ್ಡ ಟ್ಯಾಂಕನ್ನು ಕಂಠಮಟ್ಟ ತುಂಬಿಸುವುದು ನಮ್ಮ ಜಾಣತನ. 365 ಲೀಟರ್ ಟ್ಯಾಂಕಿನ ಗಾಡಿ ಲೀಟರಿಗೆ 4 ಕೊಟ್ಟರೆ 1,460 ಕಿ.ಮೀ. ಓಡುತ್ತದೆ. ಅಂದರೆ ಇಲ್ಲಿ ತುಂಬಿಸಿದ ಡೀಸೆಲ್ ಮಧ್ಯಪ್ರದೇಶದ ಒಳಗೆ ಹೋಗುವವರೆಗೂ ಟ್ಯಾಂಕಿನಲ್ಲಿರುತ್ತದೆ. ಡಿಸೆಂಬರ್–ಜನವರಿಯಲ್ಲಿ ಗ್ವಾಲಿಯರ್ ಹೊತ್ತಿಗೆ ಟ್ಯಾಂಕ್ ತಳ ಕಾಣುವಂತೆ ಲೆಕ್ಕ ಹಾಕಿ, ಅಲ್ಲಿಂದ ಮುಂದೆ ಅಲ್ಲಿಯ ಡೀಸೆಲ್ ತುಂಬಿಸಿ. ಉತ್ತರಕ್ಕೆ ಹೋದಮೇಲೆ ರಾತ್ರಿ ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿರಲಿ. ಖಾಲಿ ಟ್ಯಾಂಕಿನ ಗೋಡೆಯಲ್ಲಿ ಇಬ್ಬನಿಯಂತೆ ನೀರು ಕೂತು ತಳ ಸೇರುತ್ತದೆ.

ಲೇಹ್ ಕಡೆಗೆ ಇದೂ ಸಾಲದು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದೇ ಪಾಣಿಪತ್ ರಿಫೈನರಿಯಲ್ಲಿ ತಯಾರಾದ ವಿಶೇಷ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಅದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ಮೇಣ ಕಡಿಮೆ ಮಾಡಿದ ಇಂಥ ಹಗುರ ಡೀಸೆಲ್‌ನಲ್ಲಿ ಸಾಮಾನ್ಯವಾಗಿ ಲೀಟರಿಗೆ ಸಿಗುವ ಶಕ್ತಿ ತುಸು ಕಮ್ಮಿ, ಒಂದೆರಡು ಶೇಕಡಾ ಎಂದಿಟ್ಟುಕೊಳ್ಳಿ. ಗಾಡಿ ಸ್ಟಾರ್ಟ್ ಆಗುವುದಕ್ಕೆ ಕೊಡುವ ಬೆಲೆ ಅದು.

ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವ ಹಳೇ ಉಪಾಯ, ಭಾರೀ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಈಗಿನ ಕಾಮನ್ ರೇಲ್ ಎಂಜಿನ್‌ಗೆ ಬೇಡವೇ ಬೇಡ. ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಜಿಡ್ಡು. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಇಲ್ಲ. ಪಂಪು, ಇಂಜೆಕ್ಟರ್ ಹೋದರೆ ಲಕ್ಷದ ಮಾತು. ಮೇಲಾಗಿ ಅದು ಕಲಬೆರಕೆ, ಕಾನೂನಿಗೂ ವಿರುದ್ಧ. ಟ್ಯಾಂಕಿನ ಅಡಿಯಲ್ಲಿ ಬೆಂಕಿ ಹಚ್ಚುವ ಸಾಹಸಿಗಳ ಬಗ್ಗೆ ಏನು ಹೇಳುವುದು! ಡೀಸೆಲ್ ಕಟ್ಟಿಕೊಂಡರೆ ಬಿಸಿಲು ಬರುವವರೆಗೆ ಕಾಯಿರಿ, ಇಲ್ಲವೇ ಫಿಲ್ಟರ್ ಮೇಲೆ ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆ ಸುತ್ತಿ, ಹೊಸ ಫಿಲ್ಟರ್ ಜೊತೆಗಿದ್ದರೆ ಬದಲಿಸಿ.

ಹಂತ 4: ಟಯರ್ ಗಾಳಿ

ಹುಬ್ಬಳ್ಳಿಯಲ್ಲಿ 32 ಡಿಗ್ರಿಯಲ್ಲಿ 110 ಪಿಎಸ್‌ಐ ಹೊಡೆಸಿ ಹೊರಟಿದ್ದೀರಿ. ಟ್ಯೂಬು, ವಾಲ್ವು ಎಲ್ಲ ಸರಿಯಿದೆ, ಎಲ್ಲೂ ಸೋರಿಲ್ಲ. ಆದರೂ ಅಂಬಾಲಾದಲ್ಲಿ 5 ಡಿಗ್ರಿಯ ಬೆಳಗ್ಗೆ ಗೇಜ್ ಹಿಡಿದರೆ 99 ತೋರಿಸುತ್ತದೆ. ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ. ಲಾರಿ ಟಯರಿನ ಒತ್ತಡದಲ್ಲಿ ಪ್ರತಿ 10 ಡಿಗ್ರಿಗೆ ಸುಮಾರು 4 ಪಿಎಸ್‌ಐ. ಹತ್ತು ಪಿಎಸ್‌ಐ ಕಮ್ಮಿಯಾದರೆ ಮೈಲೇಜಿನಲ್ಲಿ ಶೇ. 1ರ ಆಸುಪಾಸು ಹೋಗುತ್ತದೆ, ಟಯರಿನ ಅಂಚೂ ಸವೆಯುತ್ತದೆ.

ನೈಟ್ರೋಜನ್ ಹಾಕಿಸಿದರೆ ಈ ತೊಂದರೆ ಇಲ್ಲ ಎಂದು ಹೇಳುವವರಿದ್ದಾರೆ. ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದೇ ನೈಟ್ರೋಜನ್, ತಣ್ಣಗಾದಾಗ ಎರಡೂ ಒಂದೇ ಥರ ಇಳಿಯುತ್ತವೆ.

ಮಾಡಬೇಕಾದ್ದು ಇಷ್ಟೇ: ಉತ್ತರ ತಲುಪಿದ ಮೊದಲ ಬೆಳಗ್ಗೆ, ಗಾಡಿ ಅಲ್ಲಾಡಿಸುವ ಮುಂಚೆ, ನಿಮ್ಮದೇ ಗೇಜಿನಲ್ಲಿ ಎಲ್ಲ ಟಯರೂ ನೋಡಿ. ಡಬಲ್ ಟಯರಿನ ಒಳಗಿನದ್ದನ್ನು ಬಿಡಬೇಡಿ. ಕ್ಲೀನರ್ ಕೋಲಿನಲ್ಲಿ ಬಡಿದು "ಸರಿ ಇದೆ" ಎಂದರೆ ಅದು ಪಂಚರ್ ಆಗಿಲ್ಲ ಎಂಬುದಕ್ಕಷ್ಟೇ ಸಾಕ್ಷಿ. ಟಯರ್ ಕಂಪನಿ ಹೇಳಿದ ತಣ್ಣನೆಯ ಒತ್ತಡಕ್ಕೆ ತುಂಬಿಸಿ. ವಾಪಸ್ ಬರುವಾಗ ಇದರ ಉಲ್ಟಾ ಕೆಲಸ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಹಂತ 5: ರಾತ್ರಿ, ಢಾಬಾ, ಉರಿಯುವ ಎಂಜಿನ್

ಇಲ್ಲಿಯೇ ದುಡ್ಡು ಹೋಗುವುದು. ಪಾಣಿಪತ್–ಕರ್ನಾಲ್ ಕಡೆಯ ಯಾವುದೇ ಢಾಬಾದ ಹಿಂದೆ ಜನವರಿ ರಾತ್ರಿ ಎರಡಕ್ಕೆ ಹೋದರೆ ಸಾಲಾಗಿ ನಿಂತ ಗಾಡಿಗಳ ಎಂಜಿನ್ ಗುಂಯ್‌ಗುಡುತ್ತಿರುತ್ತದೆ. ಕ್ಯಾಬಿನ್ ಬೆಚ್ಚಗಿರಲಿ ಎಂದು ಒಬ್ಬ, ಬೆಳಗ್ಗೆ ಸೆಲ್ಫ್ ಹೊಡೆಯಲಿಕ್ಕಿಲ್ಲ ಎಂಬ ಹೆದರಿಕೆಯಿಂದ ಇನ್ನೊಬ್ಬ.

ಸುಮ್ಮನೆ ನಿಂತು ಉರಿಯುವ ಲಾರಿ, ಎಂಜಿನ್ ಗಾತ್ರ ನೋಡಿಕೊಂಡು ಗಂಟೆಗೆ ಒಂದರಿಂದ ಎರಡು ಲೀಟರ್ ಕುಡಿಯುತ್ತದೆ. ಅಮೆರಿಕದ ದೊಡ್ಡ ಎಂಜಿನ್‌ಗಳಲ್ಲಿ ಇದು ಮೂರು ಲೀಟರ್. ಒಂದೂವರೆ ಎಂದು ಹಿಡಿದು, ಚಳಿಯಲ್ಲಿ ಓಡಿದ 1,000 ಕಿ.ಮೀ.ಗೆ ಲೆಕ್ಕ ಹಾಕೋಣ. ಲೀಟರಿಗೆ 4ರಂತೆ ಬೇಕಾದ್ದು 250 ಲೀಟರ್. ಚಳಿಯ ಸ್ವಂತ ಪಾಲು ಶೇ. 7 ಎಂದರೆ 17 ಲೀಟರ್ ಚಿಲ್ಲರೆ. ಮೂರು ರಾತ್ರಿ ಆರಾರು ಗಂಟೆ ಎಂಜಿನ್ ಉರಿದರೆ 27 ಲೀಟರ್. ಟಯರ್ ಗಾಳಿ ಕಮ್ಮಿಯದ್ದು ಎರಡೂವರೆ ಲೀಟರ್. ಒಟ್ಟು 297, ಮೈಲೇಜ್ 3.4. ಮೇಜಿನ ಮೇಲೆ ಬಿದ್ದ ಆ ಟ್ರಿಪ್ ಶೀಟಿನ ಅಂಕಿ ಇಷ್ಟರಲ್ಲೇ ಬಂದುಬಿಟ್ಟಿತು. ಸಾವಿರ ಕಿ.ಮೀ. ಚಳಿ ತಿಂದದ್ದಕ್ಕಿಂತ ಮೂರು ರಾತ್ರಿಯ ಐಡ್ಲಿಂಗ್ ತಿಂದದ್ದೇ ಹೆಚ್ಚು.

ಹಾಗೆಂದು ಓನರ್ ಇಲ್ಲಿ ಫ್ಯಾನ್ ಕೆಳಗೆ ಕೂತು "ರಾತ್ರಿ ಎಂಜಿನ್ ಆಫ್ ಮಾಡು" ಎಂದು ಫೋನಿನಲ್ಲಿ ಹೇಳಿದರೆ ಯಾವ ಡ್ರೈವರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆರು ಗಂಟೆ ಐಡ್ಲಿಂಗ್ ಎಂದರೆ 9 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ ರಾತ್ರಿಗೆ 810 ರೂಪಾಯಿ. ಅದರಲ್ಲಿ ಅರ್ಧವನ್ನು ಚಳಿಗಾಲದ ಬತ್ತಾ ಎಂದು ಡ್ರೈವರ್ ಕೈಗೆ ಕೊಡಿ, ಢಾಬಾದಲ್ಲಿ ರೂಮೋ ಮಂಚವೋ ರಜಾಯಿಯೋ ತೆಗೆದುಕೊಳ್ಳಲಿ. ಕ್ಯಾಬಿನ್‌ಗೆ ಒಳ್ಳೆಯ ಎರಡು ರಜಾಯಿ, ಕಿಟಕಿಯ ಬೀಡಿಂಗ್ ರಿಪೇರಿ, ಗಾಜಿಗೆ ಒಳಗಿಂದ ದಪ್ಪ ಪರದೆ ಇವೆಲ್ಲ ಒಂದೇ ಸಲದ ಖರ್ಚು. ಚಳಿಗಾಲವಿಡೀ ಉತ್ತರದಲ್ಲೇ ಓಡುವ ಗಾಡಿಯಾದರೆ ಡೀಸೆಲ್‌ನಲ್ಲಿ ಉರಿಯುವ ಪುಟ್ಟ ಕ್ಯಾಬಿನ್ ಹೀಟರ್ ಹಾಕಿಸಬಹುದು. ಎರಡು ಕಿಲೋವ್ಯಾಟ್‌ನ ಹೀಟರ್ ಗಂಟೆಗೆ ಕಾಲು ಲೀಟರಿನ ಆಸುಪಾಸು, ಕಮ್ಮಿ ಇಟ್ಟರೆ ಇನ್ನೂ ಕಡಿಮೆ ಬಳಸುತ್ತದೆ. ಅದರ ಹೊಗೆ ಪೈಪು ಕ್ಯಾಬಿನ್‌ನಿಂದ ಹೊರಗೆ ಸರಿಯಾಗಿ ಹೋಗಿರಬೇಕು.

ಒಂದು ಮಾತನ್ನು ಡ್ರೈವರಿಗೆ ಗದರಿಸಿಯೇ ಹೇಳಿ. ಮುಚ್ಚಿದ ಕ್ಯಾಬಿನ್‌ನಲ್ಲಿ ಕೆಂಡದ ಅಗ್ಗಿಷ್ಟಿಕೆ, ಗ್ಯಾಸ್ ಸ್ಟವ್ ಹಚ್ಚಿಕೊಂಡು ಮಲಗಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಐಡ್ಲಿಂಗ್ ನಿಲ್ಲಿಸಿ ಎಂದು ಒತ್ತಾಯ ಮಾಡಿ, ಬದಲಿ ವ್ಯವಸ್ಥೆ ಕೊಡದಿದ್ದರೆ ಡ್ರೈವರನ್ನು ಇದೇ ಅಪಾಯಕ್ಕೆ ತಳ್ಳಿದ ಹಾಗಾಗುತ್ತದೆ.

ಬಿಎಸ್-6 ಗಾಡಿಗೆ ಐಡ್ಲಿಂಗ್‌ನ ಇನ್ನೊಂದು ಶಿಕ್ಷೆಯೂ ಇದೆ. ರಾತ್ರಿಯೆಲ್ಲ ನಿಂತು ಉರಿದರೆ ಸೈಲೆನ್ಸರ್ ಬಿಸಿಯಾಗುವುದಿಲ್ಲ, ಮಸಿ ಮಾತ್ರ ತುಂಬುತ್ತದೆ. ಬೆಳಗ್ಗೆ ಹೆದ್ದಾರಿಗೆ ಬಿದ್ದಮೇಲೆ ರೀಜನರೇಷನ್ ಶುರು. ಆ ಡೀಸೆಲ್ ಟ್ರಿಪ್ ಶೀಟಿನಲ್ಲಿ ಎಲ್ಲೂ ಬೇರೆಯಾಗಿ ಕಾಣಿಸುವುದಿಲ್ಲ.

ಹಂತ 6: ಬೆಳಗಿನ ಸ್ಟಾರ್ಟ್

ಕೀ ಆನ್ ಮಾಡಿ, ಹೀಟರ್ ಲೈಟ್ ಆರುವವರೆಗೆ ಕಾಯಿರಿ, ಆಮೇಲೆ ಸೆಲ್ಫ್. ಎಕ್ಸಲೇಟರ್ ತುಳಿಯುವುದು ಬೇಡ. ಅರ್ಧ ಗಂಟೆ ನಿಲ್ಲಿಸಿ ಬಿಸಿ ಮಾಡುವ ಅಭ್ಯಾಸವನ್ನೂ ಬಿಡಿ; ನಿಂತ ಡೀಸೆಲ್ ಎಂಜಿನ್ ಬಹಳ ನಿಧಾನ ಬಿಸಿಯಾಗುತ್ತದೆ. ಬ್ರೇಕಿನ ಏರ್ ತುಂಬಲು ಹೇಗೂ ಕೆಲವು ನಿಮಿಷ ಬೇಕು. ಏರ್ ತುಂಬಿ ವಾರ್ನಿಂಗ್ ಆರಿತೆಂದರೆ ಸಾಮಾನ್ಯ ಚಳಿಗೆ ಎಂಜಿನ್ ಕೂಡ ಹೊರಡಲು ತಯಾರು. ಮೊದಲ ಏಳೆಂಟು ಕಿ.ಮೀ. ಕಡಿಮೆ ಆರ್‌ಪಿಎಂನಲ್ಲಿ ಮೆಲ್ಲಗೆ ಹೋಗಿ. ಗೇರ್ ಬಾಕ್ಸ್, ಹೌಸಿಂಗ್, ಟಯರ್ ಬಿಸಿಯಾಗುವುದು ಓಡಿದರೆ ಮಾತ್ರ.

ಏರ್ ಟ್ಯಾಂಕಿನ ನೀರನ್ನು ಹಿಂದಿನ ರಾತ್ರಿಯೇ ಬಿಟ್ಟುಬಿಡಿ. ಹಿಮ ಬೀಳುವ ಜಾಗದಲ್ಲಿ ಬ್ರೇಕ್ ಡ್ರಮ್ ಒದ್ದೆಯಿದ್ದಾಗ ಹ್ಯಾಂಡ್ ಬ್ರೇಕ್ ಎಳೆದು ಮಲಗಿದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳಬಹುದು. ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಗೇರ್‌ನಲ್ಲಿ ಬಿಟ್ಟು, ಚಕ್ರಕ್ಕೆ ಗಟ್ಟಿಯಾಗಿ ಅಡೆ ಕೊಡಿ.

ಹಂತ 7: ರಸ್ತೆಯಲ್ಲಿ

ಉತ್ತರ ಭಾರತದ ಬಯಲಿನಲ್ಲಿ ಚಳಿಗಿಂತ ಮಂಜು ಹೆಚ್ಚು ಡೀಸೆಲ್ ತಿನ್ನುತ್ತದೆ. ಮುಂದಿನ ಗಾಡಿಯ ಲೈಟ್ ಹಿಡಿದುಕೊಂಡು ಎರಡನೇ–ಮೂರನೇ ಗೇರಿನಲ್ಲಿ ತೆವಳಿದರೆ ಮೈಲೇಜೂ ಇಲ್ಲ, ಜೀವಕ್ಕೂ ಖಾತ್ರಿ ಇಲ್ಲ. ಮಂಜು ದಟ್ಟವಾದಾಗ ಢಾಬಾಕ್ಕೆ ಹಾಕಿ ಎಂಜಿನ್ ಆಫ್ ಮಾಡಿ, ಬಿಸಿಲೇರಿದ ಮೇಲೆ ಹೊರಡಿ. ಮಧ್ಯಾಹ್ನದ ಬೆಚ್ಚನೆಯ ಹೊತ್ತಿನಲ್ಲಿ ಓಡಿದರೆ ಟಯರಿಗೂ ಒಳ್ಳೆಯದು. ನಮ್ಮ ಬೇಸಿಗೆಯ "ರಾತ್ರಿ ಓಡಿಸು, ಹಗಲು ಮಲಗು" ಪದ್ಧತಿಯನ್ನು ಅಲ್ಲಿ ಸಾಧ್ಯವಾದಷ್ಟು ತಿರುಗಿಸಿಕೊಳ್ಳಿ. ಪಾರ್ಟಿಗೆ ಡೆಲಿವರಿ ದಿನ ಹೇಳುವಾಗಲೇ ಒಂದು ದಿನ ಹೆಚ್ಚು ಕೇಳಿಟ್ಟುಕೊಳ್ಳಿ.

ದೆಹಲಿಯಲ್ಲಿ ಚಳಿಗಾಲ ಎಂದರೆ ಹೊಗೆಯ ನಿರ್ಬಂಧಗಳೂ ಬರುತ್ತವೆ. ವಾಯುಮಾಲಿನ್ಯ ನಿರ್ಬಂಧಗಳ ನಾಲ್ಕನೇ, ಅತಿ ಕಠಿಣ ಹಂತ ಜಾರಿಯಾದರೆ ಅಗತ್ಯ ವಸ್ತು ಇಲ್ಲದ ಹಳೆಯ ಡೀಸೆಲ್ ಲಾರಿಗಳನ್ನು ಗಡಿಯಲ್ಲೇ ನಿಲ್ಲಿಸುತ್ತಾರೆ. ಹೊರಡುವ ಮುಂಚೆ ಕೇಳಿಕೊಳ್ಳಿ. ದೆಹಲಿಯಲ್ಲಿ ಇಳಿಸುವುದಿಲ್ಲವೆಂದರೆ ಪಲ್ವಲ್‌ನಿಂದ ಪೂರ್ವದ ಅಥವಾ ಪಶ್ಚಿಮದ ಹೊರವರ್ತುಲ ಎಕ್ಸ್‌ಪ್ರೆಸ್‌ವೇ ಹಿಡಿದು ಕುಂಡ್ಲಿ ಬಳಿ ಮತ್ತೆ 44ಕ್ಕೆ ಸೇರಿ. ಟೋಲ್ ಕಟ್ಟಿದರೂ ಕ್ಯೂನಲ್ಲಿ ನಿಂತು ಸುಡುವ ಡೀಸೆಲ್ ಉಳಿಯುತ್ತದೆ.

ತಾಡಪಾಲು ಬಿಗಿಯಾಗಿರಲಿ. ದಟ್ಟ ಗಾಳಿಯಲ್ಲಿ ಪಟಪಟ ಹೊಡೆದುಕೊಳ್ಳುವ ತಾಡಪಾಲು ಮೈಲೇಜನ್ನೂ ಹರಿದು ಹಾಕುತ್ತದೆ.

ರೇಡಿಯೇಟರ್ ಮುಂದೆ ಗೋಣಿಯನ್ನೋ ರಟ್ಟನ್ನೋ ಕಟ್ಟುವುದನ್ನು ಅಲ್ಲಿಯ ಡ್ರೈವರುಗಳಿಂದ ನಮ್ಮವರೂ ಕಲಿಯುತ್ತಾರೆ. ಥರ್ಮೋಸ್ಟಾಟ್ ಸರಿಯಿದ್ದರೆ ದೆಹಲಿಯವರೆಗೆ ಇದು ಬೇಕಿಲ್ಲ. ಮೈನಸ್‌ಗೆ ಹೋದಾಗ ಕಟ್ಟಿದರೂ ನಡುವೆ ಗಾಳಿ ಹೋಗಲು ಧಾರಾಳ ಜಾಗ ಬಿಡಿ. ಟರ್ಬೋದ ಗಾಳಿ ತಣಿಸುವ ಇಂಟರ್‌ಕೂಲರ್ ಕೂಡ ಅಲ್ಲೇ ಮುಂದೆ ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ ಘಾಟಿ ಹತ್ತಿಸಿದರೆ ಎಂಜಿನ್ ಒಳಗೆ ಅತಿ ಬಿಸಿಯಾಗುತ್ತದೆ.

ಬನಿಹಾಲ್ ಆಚೆ

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ 'ಚಿಲ್ಲಾ-ಇ-ಕಲಾನ್', ವರ್ಷದ ಅತಿ ಕಠಿಣ ಚಳಿ. ಚೆನಾನಿ–ನಾಶ್ರಿ, ಬನಿಹಾಲ್–ಖಾಜಿಗುಂಡ್ ಸುರಂಗಗಳು ಬಂದಮೇಲೆ ದಾರಿ ಸುಲಭವಾಗಿದೆ. ಆದರೂ ರಾಮಬನ್ ಸುತ್ತಮುತ್ತ ಗುಡ್ಡ ಕುಸಿದರೆ ಲಾರಿಗಳ ಸಾಲು ದಿನಗಟ್ಟಲೆ ನಿಲ್ಲುತ್ತದೆ. ಇಲ್ಲಿ ನಿಂತಾಗಿನ ಐಡ್ಲಿಂಗನ್ನು ಪ್ರಯಾಣದ ಮೈಲೇಜಿಗೆ ಸೇರಿಸಿ ಡ್ರೈವರನ್ನು ಬೈಯುವುದು ಅನ್ಯಾಯ. ಎಲ್ಲಿ, ಎಷ್ಟು ಹೊತ್ತು ನಿಂತೆ ಎಂದು ಅವನು ಬರೆದಿಡಲಿ.

ಹೊಗೆ ಶುದ್ಧವಾಗಲೆಂದು ಬಿಎಸ್-6 ಗಾಡಿಗೆ ಹಾಕುವ ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಗಾಬರಿ ಬೇಡ, ಕರಗಿದಮೇಲೆ ಅದರ ಗುಣ ಕೆಡುವುದಿಲ್ಲ. ಆದರೆ ಟ್ಯಾಂಕ್ ಕಂಠಮಟ್ಟ ತುಂಬಿಸಬೇಡಿ. ಹೆಪ್ಪುಗಟ್ಟುವಾಗ ಹಿಗ್ಗಿ ಟ್ಯಾಂಕ್ ಒಡೆಯಬಹುದು. ಬಿಸಿ ನೀರು ಬೆರೆಸುವುದಂತೂ ಸಲ್ಲದು.

ಲೇಹ್‌ನಲ್ಲಿ ಒಂದು ವಿಚಿತ್ರ. ಅಲ್ಲಿ ಚಳಿ ಮೈನಸ್ 10 ಇದ್ದರೂ 3,500 ಮೀಟರ್ ಎತ್ತರದಿಂದಾಗಿ ಗಾಳಿ ಬೆಂಗಳೂರಿನದ್ದಕ್ಕಿಂತ ತೆಳು, ಗಾಳಿಯ ತಡೆ ಕಡಿಮೆ. ಆದರೆ ಘಾಟಿ, ಹಿಮ, ಹಿಮದಲ್ಲಿ ಜಾರದಂತೆ ಟಯರಿಗೆ ಕಟ್ಟುವ ಚೈನು ಸೇರಿ ಆ ಲಾಭವನ್ನು ನುಂಗಿಹಾಕುತ್ತವೆ. ಹಿಮ ಮುಗಿದ ಕೂಡಲೇ ಚೈನ್ ಬಿಚ್ಚಿ, ಡಾಂಬರಿನ ಮೇಲೆ ಅದು ಟಯರನ್ನೂ ಡೀಸೆಲನ್ನೂ ತಿನ್ನುತ್ತದೆ. ಅಲ್ಲಿಯ ಮೈನಸ್ 15ರ ರಾತ್ರಿಯಲ್ಲಿ ಎಂಜಿನ್ ಆಫ್ ಮಾಡಬೇಕೋ ಬೇಡವೋ ಎಂಬುದನ್ನು ಡ್ರೈವರಿಗೇ ಬಿಡಿ. ಹೀಟರ್ ಇಲ್ಲದ ಗಾಡಿಯಲ್ಲಿ ಅಲ್ಲಿ ಉಳಿಸಬೇಕಾದ್ದು ಡೀಸೆಲ್ ಅಲ್ಲ.

ವಾಪಸ್ ಬಂದಮೇಲೆ

ಅಂಬಾಲಾದಲ್ಲಿ 5 ಡಿಗ್ರಿಯಲ್ಲಿ ತುಂಬಿಸಿದ 110 ಪಿಎಸ್‌ಐ, ದಕ್ಷಿಣದ 35 ಡಿಗ್ರಿಯಲ್ಲಿ ನಿಂತ ಗಾಡಿಯಲ್ಲೇ 123 ಆಗಿರುತ್ತದೆ. ಓಡಿದರೆ ಇನ್ನೂ ಮೇಲೆ. ನಾಗ್ಪುರ ದಾಟುವ ಹೊತ್ತಿಗೆ ಒಂದು ಬೆಳಗ್ಗೆ ಟಯರ್ ತಣ್ಣಗಿರುವಾಗ ಗೇಜ್ ಹಿಡಿದು ಹೆಚ್ಚಿನದ್ದನ್ನು ಬಿಡಿ. ಓಡಿ ಬಂದ ಬಿಸಿ ಟಯರಿನಿಂದ ಗಾಳಿ ಬಿಡಬಾರದು. ರೇಡಿಯೇಟರಿನ ಗೋಣಿಯೂ ಅಷ್ಟು ಹೊತ್ತಿಗೆ ಬಿಚ್ಚಿರಬೇಕು.

ಟ್ರಿಪ್ ಶೀಟಿನಲ್ಲಿ ಒಂದೇ ಮೈಲೇಜ್ ಅಂಕಿ ಬರೆಯುವ ಬದಲು ಉತ್ತರದ ಭಾಗವನ್ನು ಬೇರೆ ಮಾಡಿ. ಗ್ವಾಲಿಯರ್‌ನಲ್ಲಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಟ್ಯಾಂಕ್ ಫುಲ್ ಮಾಡಿಸಿದರೆ ಚಳಿಯ ಕಿ.ಮೀ., ಚಳಿಯ ಲೀಟರ್ ಎರಡೂ ಸಿಗುತ್ತವೆ. ಆ ಲೀಟರಿನಿಂದ ಐಡ್ಲಿಂಗ್ ಗಂಟೆಯನ್ನು ಒಂದೂವರೆಯಿಂದ ಗುಣಿಸಿ ಕಳೆಯಿರಿ. ಉಳಿದದ್ದನ್ನು ಚಳಿಗೆ ಮುಂಚೆ ತೆಗೆದಿಟ್ಟ ಸರಾಸರಿಗೆ ಹೋಲಿಸಿ. ಶೇ. 8ರೊಳಗೆ ವ್ಯತ್ಯಾಸ ಇದ್ದರೆ ಚಳಿ. ಹತ್ತು ದಾಟಿದರೆ ಥರ್ಮೋಸ್ಟಾಟ್, ಹಿಡಿದುಕೊಂಡ ಬ್ರೇಕ್, ಇಂಜೆಕ್ಟರ್, ಪದೇ ಪದೇ ಆಗುವ ರೀಜನರೇಷನ್, ಈ ಕ್ರಮದಲ್ಲಿ ನೋಡಿಸಿ. ಇದೆಲ್ಲ ಸರಿಯಿದ್ದು, ಪಂಪಿನ ಬಿಲ್ಲಿನಲ್ಲಿರುವ ಲೀಟರಿಗೂ ಟ್ಯಾಂಕಿಗೆ ಬಿದ್ದದ್ದಕ್ಕೂ ತಾಳೆಯಾಗದಿದ್ದರೆ ಆಗ ಡ್ರೈವರನ್ನು ಕರೆದು ಕೂರಿಸಿ ಮಾತಾಡಿ.